ನಿಷೇಧವ್ರತ ನಿರೂಪಣ

(ಹೊಣಕೆರೆಯ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

 

ಧರ್ಮಸಭೆಗಳಲ್ಲಿ ದಯೆ, ದಾಸೋಹ, ಕಾಯಕ, ಸತ್ಯವಚನ ಮೊದಲಾದುವುಗಳನ್ನು ಕುರಿತು ಉಪನ್ಯಾಸಗಳಾಗುವುದು ವಾಡಿಕೆ. ಅವುಗಳನ್ನು ಕೇಳಿ ತಲೆದೂಗಿ ಮನೆಗೆ ಹೋದವರು ಎಷ್ಟನ್ನು ಆಚರಣೆಗೆ ತಂದರೆಂಬುದು ಬೇರೆಯ ಮಾತು. ಆದರೆ ಯಾವ ಉಪನ್ಯಾಸವನ್ನೂ ಕೇಳದೆ, ಯಾವ ಗುರುವಿನಿಂದಲೂ ಉಪದೇಶವನ್ನು ಪಡೆಯದೆ, ಜನರು ತಾವಾಗಿಯೇ ತ್ರಿಕಾಲಗಳಲ್ಲಿಯೂ ತಪ್ಪದೆ ನಡೆಸಿಕೊಂಡು ಬರುತ್ತಿರುವ ವ್ರತವೊಂದುಂಟು. ಅದಕ್ಕೆ ಇದುವರೆಗೆ ಯಾರೂ ಶಾಸ್ತ್ರವನ್ನು ರಚಿಸಿಲ್ಲ. ಶಾಸ್ತ್ರವಿಲ್ಲದ ಆಚರಣೆಯಲ್ಲಿ ಲೋಪಗಳು ಬರುವುದು ಸಹಜ. ಎಷ್ಟೋ ಜನ ಆಚರಿಸುವವರು ಮರೆತು ಒಮ್ಮೊಮ್ಮೆ ಒಳ್ಳೆಯ ಮಾತನ್ನಾಡಿ ವ್ರತಭಂಗವನ್ನು ಮಾಡಿಕೊಳ್ಳುತ್ತಿರುವರು. ಅಂತಹವರ ಉಪಕಾರಾರ್ಥವಾಗಿ ಈ ವ್ರತದ ಕ್ರಮವನ್ನು ಯಥಾಮತಿಯಾಗಿ ನಿರೂಪಿಸುವುದೇ ಈ ಹೊತ್ತಿನ ವಿಷಯ. ಇದಕ್ಕೆ ನಿಷೇಧವ್ರತವೆಂದು ಹೆಸರು. ಯಾರು ಏನನ್ನು ಹೇಳಿದರೂ ‘ಆಗದು’ ಎನ್ನುವುದು, ಯಾರು ಏನನ್ನು ಮಾಡಿದರೂ ‘ಕೆಟ್ಟಿತು’ ಎನ್ನುವುದು, ಯಾವುದನ್ನು ಕಂಡರೂ ಅದರಲ್ಲೊಂದು ಕೊರತೆಯನ್ನು ಎತ್ತಿ ತೋರಿಸಿ, ನೆರೆದವರ ಮುಖ ಬಾಡುವವರೆಗೂ ವಿರಮಿಸದಿರುವುದು, ಇಷ್ಟು ಇದರ ಲಕ್ಷಣ.

ಯಾವ ಶಾಸ್ತ್ರಕ್ಕೇ ಆಗಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ನಾಲ್ಕು ಅನುಬಂಧಗಳನ್ನು ಮೊದಲು ಹೇಳಬೇಕೆಂಬುದು ಪಾಠಶಾಲೆಯ ಬಾಲಕರಿಗೂ ತಿಳಿದ ಸಂಗತಿ. ಇಲ್ಲಿ ಅಧಿಕಾರಿಯಾರೆಂದರೆ, ತಾನು ಯಾವ ಕಾರ್ಯವನ್ನೂ ಕೈಗೆತ್ತಿಕೊಳ್ಳದವನು. ಇದು ಮುಖ್ಯವಾದ ಅರ್ಹತೆ. ಏತಕ್ಕೆಂದರೆ, ತಾನೇ ಒಂದು ಗುದ್ದಲಿಯನ್ನು ಹಿಡಿದು ನೆಲವನ್ನು ಅಗೆದವನಿಗೆ ನೆಲ ಎಷ್ಟು ಗಟ್ಟಿ, ತೋಳು ಎಷ್ಟು ನೋಯುತ್ತದೆ ಎಂಬುದು ತಿಳಿದುಬಿಡುತ್ತದೆ; ಆಮೇಲೆ ಇನ್ನೊಬ್ಬನು ಅಗೆದ ಗುಂಡಿ ಸೊಟ್ಟಗಿದೆಯೆಂದು ಹೇಳಲು ಅವನ ನಾಲಗೆ ತಡವರಿಸುತ್ತದೆ. ವಿಷಯವೆಂದರೆ ಪರರ ಕಾರ್ಯಗಳೆಲ್ಲವೂ. ಸಂಬಂಧವೆಂದರೆ ಸಂಬಂಧವಿಲ್ಲದಿರುವುದೇ, ತನಗೆ ಸಂಬಂಧಪಡದ ವಿಷಯದಲ್ಲಿಯೇ ವ್ರತವು ಶೋಭಿಸುತ್ತದೆ. ಪ್ರಯೋಜನವನ್ನು ಕಡೆಯಲ್ಲಿ ಹೇಳಲಾಗುವುದು.

ವ್ರತವನ್ನು ಹಿಡಿದವನು ಬೆಳಗಾಗುತ್ತಲೇ ಮೊದಲು ಆಕಾಶವನ್ನು ನೋಡತಕ್ಕದ್ದು. ಮೋಡವಿಲ್ಲದಿದ್ದರೆ, ‘ಈ ವರ್ಷ ಬರ’ ಎನ್ನಬೇಕು. ಮೋಡವಿದ್ದರೆ, ‘ಇದು ಸುರಿಯುವ ಮೋಡವಲ್ಲ’ ಎನ್ನಬೇಕು. ಸುರಿದರೆ, ‘ಬಿತ್ತಿದ್ದೆಲ್ಲ ಕೊಳೆತುಹೋಯಿತು’ ಎನ್ನಬೇಕು. ಆರಿದ್ರೆಯಲ್ಲಿ ಬಂದ ಮಳೆಯನ್ನು ಅಕಾಲವೆಂದೂ, ಹಸ್ತೆಯಲ್ಲಿ ಬಂದುದನ್ನು ತಡವೆಂದೂ, ತೆನೆ ಬಲಿಯುವಾಗ ಬಂದುದನ್ನು ಶಾಪವೆಂದೂ ಹೇಳಬೇಕು. ಈ ನಾಗಮಂಗಲದ ಸೀಮೆಯಲ್ಲಿ ರಾಗಿ, ಹುರುಳಿ, ಅವರೆ, ಹುಚ್ಚೆಳ್ಳುಗಳನ್ನು ಮಳೆಯನ್ನೇ ನಂಬಿ ಬೆಳೆಯುವವರು ಬಹುಮಂದಿ ಇರುವುದರಿಂದ, ವ್ರತಿಯ ಮಾತು ಮೂರು ವರ್ಷಕ್ಕೊಮ್ಮೆಯಾದರೂ ನಿಜವಾಗದೆ ಇರದು. ಹಾಗೆ ನಿಜವಾದ ವರ್ಷವನ್ನು ಅವನು ಎಂದಿಗೂ ಮರೆಯಬಾರದು. ಸುಳ್ಳಾದ ವರ್ಷಗಳನ್ನು ಎಂದಿಗೂ ನೆನೆಯಬಾರದು.

ದಾರಿಯಲ್ಲಿ ಎದುರಾದವನು ‘ಶರಣಾರ್ಥಿ, ಚೆನ್ನಾಗಿದ್ದೀರಾ?’ ಎಂದು ಕೇಳಿದರೆ ‘ಚೆನ್ನಾಗಿದ್ದೇನೆ’ ಎಂದು ಉತ್ತರ ಕೊಟ್ಟು ಕೆಡತಕ್ಕದ್ದಲ್ಲ. ‘ಇದ್ದೇವೆ, ಹೋಗಬೇಕಲ್ಲ’ ಎಂದು ನಿಟ್ಟುಸಿರು ಬಿಟ್ಟು, ಅವನ ಮುಖವನ್ನು ದಿಟ್ಟಿಸಿ, ‘ನೀನೇಕಪ್ಪಾ ಇಷ್ಟು ಇಳಿದುಹೋಗಿದ್ದೀಯೆ?’ ಎನ್ನಬೇಕು. ಆರೋಗ್ಯದಿಂದ ಹೊಲಕ್ಕೆ ಹೊರಟಿದ್ದವನು ಆ ಹೊತ್ತಿನಿಂದ ತನ್ನ ನಾಡಿಯನ್ನು ತಾನೇ ಹಿಡಿದು ನೋಡಿಕೊಳ್ಳತೊಡಗಿದರೆ ವ್ರತವು ಸಾಂಗವಾಯಿತು.

ರೋಗಿಗಳನ್ನು ನೋಡಲು ಹೋಗುವುದು ಈ ವ್ರತದಲ್ಲಿ ಮಹಾಪರ್ವ. ಲೋಕಾಚಾರದಂತೆ ಎರಡು ಬಾಳೆಯ ಹಣ್ಣುಗಳನ್ನು ಹಿಡಿದುಕೊಂಡು ಹೋಗಬಹುದು, ಅದರಿಂದ ದೋಷವಿಲ್ಲ. ಹಾಸಿಗೆಯ ಪಕ್ಕದಲ್ಲಿ ಕುಳಿತು, ಇದೇ ರೋಗದಿಂದ ಯಾರು ಯಾರು ತೀರಿಕೊಂಡರೆಂಬುದನ್ನು ಊರಿನ ಹೆಸರು, ತಿಥಿವಾರಗಳೊಡನೆ ವಿವರಿಸತಕ್ಕದ್ದು. ವೈದ್ಯನ ಹೆಸರನ್ನು ಕೇಳಿ, ‘ಓಹೋ, ಅವರೆ?’ ಎಂದು ಸುಮ್ಮನಾಗತಕ್ಕದ್ದು. ಈ ಸುಮ್ಮನಾಗುವಿಕೆಯಲ್ಲಿ ಬಹಳ ಅರ್ಥವಿದೆ. ನೂರು ಮಾತುಗಳಿಂದ ಆಗದ ಕಾರ್ಯವು ಇದೊಂದರಿಂದ ಆಗುತ್ತದೆ. ಎದ್ದು ಹೊರಡುವಾಗ ಬಾಗಿಲಿನಲ್ಲಿ ನಿಂತು, ಮನೆಯಾಕೆಗೆ ಮಾತ್ರ ಕೇಳುವಂತೆ, ಆದರೆ ರೋಗಿಗೂ ಕೇಳಿಸುವಂತೆ, ‘ಏನೇ ಆಗಲಿ, ಧೈರ್ಯ ತಂದುಕೋ ತಾಯಿ’ ಎಂದು ಹೇಳಿ ಹೋಗಬೇಕು. ಹೀಗೆ ನೋಡಿ ಬಂದ ಮೇಲೂ ರೋಗಿ ಗುಣಹೊಂದಿದನೆಂದರೆ ಅದು ಅವನ ಆಯುಸ್ಸಿನ ಗಟ್ಟಿತನವೇ ಹೊರತು ವ್ರತದ ಲೋಪವಲ್ಲ.

ಮದುವೆಯ ಮನೆಯ ವಿಧಿಯನ್ನು ವಿಸ್ತರಿಸಬೇಕಾದುದಿಲ್ಲ. ಪಾಯಸಕ್ಕೆ ಬೆಲ್ಲ ಸಾಲದು, ಚಪ್ಪರ ಕಿರಿದು, ವರನ ಬಣ್ಣ ಕಡಮೆ, ವಾಲಗದವರು ಅಪಸ್ವರ, ಇವುಗಳನ್ನು ಕಲಿಸಿಕೊಡದೆಯೇ ಎಲ್ಲರೂ ಬಲ್ಲರು.

ಆದರೆ ಮನೆಯೊಳಗಣ ಆಚರಣೆಯನ್ನು ಸ್ವಲ್ಪ ನಿಧಾನವಾಗಿ ನೋಡತಕ್ಕುದು. ಹೊರಗಿನವರಿಗೆ ವ್ರತಿಯಿಂದ ದೂರವಾಗಲು ಕಾಲುಗಳಿವೆ, ಮನೆಯವರಿಗೆ ಅವಿಲ್ಲ. ಸೊಸೆಯು ಮಾಡಿದ ಸಾರು ಚೆನ್ನಾಗಿದ್ದ ದಿನ ಮೌನವಾಗಿಯೂ, ಉಪ್ಪು ಹೆಚ್ಚಾದ ದಿನ ಬೀದಿಗೆ ಕೇಳುವಂತೆಯೂ ಇರಬೇಕು. ಮಗನು ಹತ್ತು ತೆಂಗಿನ ಸಸಿಗಳನ್ನು ನೆಟ್ಟುಬಂದರೆ, ‘ಇವು ಫಲ ಕೊಡುವ ಹೊತ್ತಿಗೆ ನಾವಿರುತ್ತೇವೆಯೇ?’ ಎನ್ನಬೇಕು. ಎಳೆಯ ಮಕ್ಕಳ ವಿಷಯದಲ್ಲಂತೂ ವ್ರತವು ಶೀಘ್ರಫಲಪ್ರದವಾದುದು. ಹುಡುಗನು ಶಾಲೆಯಿಂದ ಓಡಿಬಂದು, ಲೆಕ್ಕದಲ್ಲಿ ನೂರಕ್ಕೆ ಎಂಬತ್ತು ಬಂದಿದೆಯೆಂದು ಹಲಗೆಯನ್ನು ತೋರಿಸಿದನೆನ್ನೋಣ. ಆಗ ಹಲಗೆಯ ಕಡೆಗೆ ಕಣ್ಣನ್ನೂ ಹೊರಳಿಸದೆ, ‘ಮಿಕ್ಕ ಇಪ್ಪತ್ತು ಎಲ್ಲಿ ಹೋಯಿತು?’ ಎಂದು ಕೇಳತಕ್ಕದ್ದು. ಹುಡುಗನು ಎರಡನೆಯ ಸಲವೂ ತಂದು ತೋರಿಸುವನು. ಮೂರನೆಯ ಸಲ ಬಾಗಿಲಿನಲ್ಲಿಯೇ ನಿಲ್ಲುವನು. ನಾಲ್ಕನೆಯ ಸಲ ಹಲಗೆಯನ್ನು ತಾಯಿಗೆ ಮಾತ್ರ ತೋರಿಸಿ ಒರಸಿಬಿಡುವನು. ಅಲ್ಲಿಂದ ಮುಂದೆ ಅವನಿಗೆ ಎಂಬತ್ತು ಬಂದರೂ ಮೂವತ್ತು ಬಂದರೂ ವ್ರತಿಗೆ ತಿಳಿಯಲಾರದು. ಇಷ್ಟು ಸ್ವಲ್ಪ ಆಯಾಸದಿಂದ ಇಷ್ಟು ದೊಡ್ಡ ಫಲವನ್ನು ಕೊಡುವ ವ್ರತವು ಇನ್ನೊಂದಿಲ್ಲ.

ಇನ್ನು ಊರಿನ ಸಾರ್ವಜನಿಕ ಕಾರ್ಯಗಳು. ಈ ಗ್ರಾಮದ ಹೆಸರಿನಲ್ಲಿಯೇ ಕೆರೆಯಿದೆ. ಸುತ್ತಮುತ್ತಣ ಎಷ್ಟೋ ಗ್ರಾಮಗಳ ಹೆಸರುಗಳಲ್ಲಿಯೂ ಇದೆ. ಹಿಂದಿನವರು ಊರನ್ನು ಕಟ್ಟುವುದಕ್ಕೆ ಮೊದಲು ಏರಿಯನ್ನು ಕಟ್ಟಿ, ತೂಬನ್ನಿಟ್ಟು, ಕೋಡಿಯನ್ನು ಬಿಟ್ಟು, ನೀರು ನಿಂತ ಮೇಲೆ ಮನೆಗಳನ್ನು ಕಟ್ಟಿಕೊಂಡರೆಂಬುದಕ್ಕೆ ಇವೇ ಸಾಕ್ಷಿ. ಕೆರೆಯಾದರೋ ಒಮ್ಮೆ ಕಟ್ಟಿ ಬಿಟ್ಟರೆ ನಿಲ್ಲುವ ವಸ್ತುವಲ್ಲ. ವರ್ಷವರ್ಷವೂ ಹೂಳು ಬಂದು ಸೇರುತ್ತದೆ. ಏರಿಯ ಮೇಲೆ ಗಿಡಗಳು ಬೇರು ಬಿಡುತ್ತವೆ. ತೂಬಿನ ಕಲ್ಲು ಸಡಿಲುತ್ತದೆ. ಬೇಸಗೆಯಲ್ಲಿ ನೀರು ಇಂಗಿದಾಗ ಊರಿನವರೆಲ್ಲ ಗಾಡಿಗಳನ್ನು ಕಟ್ಟಿ, ಕೆರೆಯ ಗೋಡನ್ನು ತೆಗೆದು ಹೊಲಗಳಿಗೆ ಹೊಡೆದುಕೊಂಡರೆ, ಕೆರೆಗೆ ಆಳವೂ ಹೊಲಕ್ಕೆ ಸಾರವೂ ಏಕಕಾಲದಲ್ಲಿ ಆಗುತ್ತವೆ. ಇದಕ್ಕಾಗಿ ಅರಳಿಯ ಕಟ್ಟೆಯ ಮೇಲೆ ಊರಿನ ಹತ್ತು ಜನ ಸೇರಿದರೆಂದು ಇಟ್ಟುಕೊಳ್ಳಬಹುದು. ನಿಷೇಧವ್ರತಿಗೆ ಇದಕ್ಕಿಂತ ಪ್ರಶಸ್ತವಾದ ಕ್ಷೇತ್ರವು ಯಾವುದು?

ಅಲ್ಲಿ ಅವನು ಅವಸರಪಡಬಾರದು. ಮೊದಲೇ ‘ಆಗದು’ ಎಂದುಬಿಟ್ಟರೆ ಯುವಕರು ಹಟ ಹಿಡಿದು ಮಾಡಿಬಿಡುವ ಅಪಾಯವಿದೆ. ಆದುದರಿಂದ ಮೊದಲು ಕಟ್ಟೆಯ ಅಂಚಿನಲ್ಲಿ ಕುಳಿತು ಎಲೆಯಡಿಕೆಯನ್ನು ಹಾಕಿಕೊಂಡು ಎಲ್ಲವನ್ನೂ ಕೇಳಬೇಕು. ಮಾತು ಒಂದು ತೀರ್ಮಾನಕ್ಕೆ ಬರುತ್ತಿರುವಾಗ, ‘ಮಾಡಿ, ಮಾಡಿ, ಒಳ್ಳೆಯ ಕೆಲಸವೇ. ಗಾಡಿ ಯಾರವು?’ ಎಂದು ಕೇಳಬೇಕು. ಗಾಡಿಯ ಮಾತು ಮುಗಿದರೆ, ‘ಎತ್ತಿಗೇನಾದರೂ ಆದರೆ?’ ಎನ್ನಬೇಕು. ಅದಕ್ಕೂ ಸಮಾಧಾನ ಹೇಳಿದರೆ, ಹಿಂದೊಮ್ಮೆ ಇದೇ ರೀತಿ ಹೊರಟು ನಿಂತುಹೋದ ಕಾರ್ಯದ ಕಥೆಯನ್ನು ತೆಗೆಯಬೇಕು. ಅಂತಹ ಕಥೆಯಿಲ್ಲದ ಊರು ಭೂಮಂಡಲದಲ್ಲಿಲ್ಲ. ಇಷ್ಟಕ್ಕೂ ಜಗ್ಗದಿದ್ದರೆ ಕಡೆಯ ಅಸ್ತ್ರವನ್ನು ಪ್ರಯೋಗಿಸಬೇಕು. ಮುಂದಾಳಾಗಿ ನಿಂತವನು ಎದ್ದು ಹೋಗುವವರೆಗೆ ಕಾದು, ಪಕ್ಕದವನ ಕಿವಿಯಲ್ಲಿ, ‘ಅವನಿಗೇನು ಇಷ್ಟು ಆಸ್ಥೆ? ಇದರಲ್ಲಿ ಏನೋ ಇರಬೇಕು ಬಿಡು’ ಎಂದರೆ ಸಾಕು. ಆ ಪಕ್ಕದವನು ಮರುದಿನ ಗಾಡಿಯನ್ನು ಕಟ್ಟುವುದಿಲ್ಲ. ಅವನು ಕಟ್ಟಲಿಲ್ಲವೆಂದು ಇನ್ನೊಬ್ಬನು ಕಟ್ಟುವುದಿಲ್ಲ. ಹತ್ತು ಗಾಡಿಗಳ ಕಾರ್ಯವು ಎರಡು ಗಾಡಿಗಳಿಂದ ಆಗದೆ ನಿಲ್ಲುತ್ತದೆ.

ಮುಂಗಾರು ಬರುತ್ತದೆ. ಹೂಳು ತುಂಬಿದ ಕೆರೆ ಎರಡೇ ಮಳೆಗೆ ಕೋಡಿಬಿದ್ದು, ನೀರೆಲ್ಲ ಹಳ್ಳಕ್ಕೆ ಹರಿದುಹೋಗಿ, ಫಾಲ್ಗುಣದ ಹೊತ್ತಿಗೆ ದನಗಳಿಗೂ ನೀರಿಲ್ಲದೆ ತಳ ಬಿರಿಯುತ್ತದೆ. ಆಗ ಏರಿಯ ಮೇಲೆ ಮೊದಲು ಬಂದು ನಿಲ್ಲತಕ್ಕವನು ಯಾರು? ವ್ರತಿಯೇ. ‘ಹೇಳಿರಲಿಲ್ಲವೇ? ಈ ಊರಿನಲ್ಲಿ ಯಾವುದೂ ಆಗುವುದಿಲ್ಲವೆಂದು ಆಗಲೇ ಹೇಳಿರಲಿಲ್ಲವೇ?’ ಎನ್ನುವನು. ಎಲ್ಲರೂ ಅವನ ದೂರದೃಷ್ಟಿಗೆ ಬೆರಗಾಗುವರು. ಆ ಕಾರ್ಯವು ಆಗದಿದ್ದುದು ಅವನಾಡಿದ ಮಾತಿನಿಂದಲೇ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ಇಲ್ಲ. ಜ್ಯೋತಿಷ್ಯವನ್ನು ಹೇಳುವವನು ಗ್ರಹಗತಿಯನ್ನು ಕಾಯಬೇಕು. ನಿಷೇಧವ್ರತಿಯು ತನ್ನ ಭವಿಷ್ಯವನ್ನು ತಾನೇ ನಿಜ ಮಾಡಿಕೊಳ್ಳಬಲ್ಲನು. ಈ ವ್ರತಕ್ಕಿರುವ ಸಾಮರ್ಥ್ಯದ ಗುಟ್ಟೆಲ್ಲ ಇಲ್ಲಿಯೇ ಅಡಗಿರುವುದು. ‘ಆಗುತ್ತದೆ’ ಎಂದವನು ಅದನ್ನು ನಿಜ ಮಾಡಲು ವರ್ಷಗಟ್ಟಲೆ ದುಡಿಯಬೇಕು, ಹಣ ಸುರಿಯಬೇಕು, ಬೈಗುಳ ತಿನ್ನಬೇಕು. ‘ಆಗದು’ ಎಂದವನು ಮನೆಗೆ ಹೋಗಿ ಮಲಗಿದರೆ ಸಾಕು.

ಈ ವ್ರತಕ್ಕೆ ಪೂರ್ವಾಚಾರ್ಯರಿಲ್ಲವೇ ಎಂದು ಸಂಶಯಪಡಬೇಕಾಗಿಲ್ಲ. ಕಲ್ಯಾಣದಲ್ಲಿ ಕೊಂಡೆಯ ಮಂಚಣ್ಣನೆಂಬವನಿದ್ದನೆಂದು ಶರಣರ ಪುರಾಣಪರಂಪರೆಯು ಹೇಳುತ್ತದೆ. ಕೊಂಡೆಯೆಂದರೆ ಚಾಡಿ, ಆ ಶಬ್ದವೇ ಅವನ ಹೆಸರಿನೊಡನೆ ಬಿಡಿಸಲಾಗದಂತೆ ಅಂಟಿಕೊಂಡಿತು. ಬಸವಣ್ಣನವರು ಬಿಜ್ಜಳನ ಭಂಡಾರದ ಅಧಿಕಾರವನ್ನು ವಹಿಸಿದ್ದ ಕಾಲ. ಮಹಾಮನೆಯಲ್ಲಿ ದಾಸೋಹವು ನಡೆಯುತ್ತಿರುವುದನ್ನು ಕಂಡು ಸಂತೋಷಪಡತಕ್ಕವರು ಸಂತೋಷಪಟ್ಟರು. ಚಾಡಿಕೋರರಾದರೋ ಅರಸನ ಬಳಿಗೆ ಹೋಗಿ, ಅರಮನೆಯ ಹೊನ್ನೆಲ್ಲವೂ ಜಂಗಮರ ಪಾಲಾಯಿತೆಂದು ಬಿನ್ನವಿಸಿದರು. ಅರಸನು ಲೆಕ್ಕವನ್ನು ಕೇಳಿದನು. ಭಂಡಾರವನ್ನು ತೆರೆದು ಎಣಿಸಿ ನೋಡಲಾಗಿ ಒಂದು ಹೊನ್ನೂ ಕಡಮೆಯಿರಲಿಲ್ಲವೆಂಬುದು ಪ್ರಸಿದ್ಧವಾದ ಕಥೆ. ಪಾಲ್ಕುರಿಕೆ ಸೋಮನಾಥನ ತೆಲುಗಿನ ಬಸವಪುರಾಣವನ್ನು ಆಧರಿಸಿ ಭೀಮಕವಿಯು 1369ರಲ್ಲಿ ಕನ್ನಡದಲ್ಲಿ ಬಸವಪುರಾಣವನ್ನು ಹೇಳಿದ ಕಾಲದಿಂದ ಈ ನಾಡಿನ ಮಠಗಳಲ್ಲಿ ಪುರಾಣಶ್ರವಣ ಮಾಡಿದವರೆಲ್ಲರೂ ಇಂತಹ ಪ್ರಸಂಗಗಳನ್ನು ಕೇಳಿ ಬಲ್ಲರು.

ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ. ಲೆಕ್ಕವು ಸರಿಹೋದ ಮೇಲೆ ಸಾಮಾನ್ಯನಾದವನು ನಾಚಿಕೊಂಡು ಸುಮ್ಮನಾಗುತ್ತಿದ್ದನು. ವ್ರತನಿಷ್ಠನಾದವನು ಹಾಗೆ ಸುಮ್ಮನಾಗತಕ್ಕವನಲ್ಲ. ಹೊನ್ನಿನ ದೂರು ಸುಳ್ಳಾದರೆ ಆಚಾರದ ದೂರು. ಆಚಾರದ ದೂರು ನಿಲ್ಲದಿದ್ದರೆ ಜಾತಿಯ ದೂರು. ಹರಳಯ್ಯ ಮಧುವರಸರ ಮಕ್ಕಳ ವಿವಾಹವು ನಡೆದಾಗ ಆ ದೂರಿಗೆ ಅರಸನ ಕಿವಿ ಪೂರ್ತಿಯಾಗಿ ತೆರೆಯಿತು. ಹರಳಯ್ಯ ಮಧುವರಸರು ಪ್ರಾಣವನ್ನು ತೆತ್ತರು, ಶರಣರು ಕಲ್ಯಾಣವನ್ನು ಬಿಟ್ಟು ದಿಕ್ಕುದಿಕ್ಕಿಗೆ ಚದರಿದರು, ಅರಸನೂ ಉಳಿಯಲಿಲ್ಲ. ಇದು ಹನ್ನೆರಡನೆಯ ಶತಮಾನದ ಸಂಗತಿ. ಚಾಡಿಯೊಂದೇ ಇದಕ್ಕೆಲ್ಲ ಕಾರಣವೆಂದು ಹೇಳುವುದು ಇತಿಹಾಸಕ್ಕೆ ಅನ್ಯಾಯವಾದೀತು. ಆದರೆ ಪುರಾಣಕಾರರು ಚಾಡಿಕೋರನ ಹೆಸರನ್ನು ಮರೆಯದೆ ಉಳಿಸಿಕೊಂಡು ಬಂದುದು ಕಾರಣವಿಲ್ಲದೆ ಅಲ್ಲ.

ಪುರಾಣದ ಮಾತು ದೂರವಾಯಿತೆನ್ನುವವರು ಕನ್ನಂಬಾಡಿಯ ಕಟ್ಟೆಯನ್ನು ನೋಡಬಹುದು. ಶ್ರೀರಂಗಪಟ್ಟಣದಿಂದ ಅದು ಬಹಳ ದೂರವಿಲ್ಲ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳ ನೀರನ್ನು ತಡೆದು ನಿಲ್ಲಿಸಬೇಕೆಂಬ ಯೋಜನೆಯನ್ನು ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದಾಗ ಸಿದ್ಧಪಡಿಸಿದರು. ಬೇಸಗೆಯಲ್ಲಿ ಕಾವೇರಿಯು ಬಡವಾದರೆ ಶಿವನಸಮುದ್ರದ ವಿದ್ಯುಚ್ಛಕ್ತಿಯೂ, ಅದನ್ನು 1902ರಿಂದ ಪಡೆಯುತ್ತಿದ್ದ ಕೋಲಾರದ ಚಿನ್ನದ ಗಣಿಗಳೂ ಸೊರಗಬೇಕಾಗುತ್ತಿತ್ತು. ಮಂಡ್ಯದ ಸೀಮೆಯಾದರೋ ನದಿಯ ಮಗ್ಗುಲಲ್ಲಿಯೇ ಇದ್ದು ಒಣಗುತ್ತಿತ್ತು. ಇಷ್ಟಿದ್ದರೂ ಹಣಕಾಸಿನ ಕಡೆಯವರು ಇಷ್ಟು ದೊಡ್ಡ ವೆಚ್ಚವೇ ಎಂದು ಹಿಂದೆಗೆದರು. ನಾಲ್ವಡಿ ಕೃಷ್ಣರಾಜ ಒಡೆಯರವರ ಒಪ್ಪಿಗೆಯನ್ನು ಪಡೆದು 1911ರಲ್ಲಿ ಕೆಲಸ ಮೊದಲಾಯಿತು. ಮದರಾಸಿನ ಸರ್ಕಾರವು ಆಕ್ಷೇಪಿಸಿತು. ಮಧ್ಯಸ್ಥಿಕೆಗೆ ಹೋಯಿತು, 1914ರಲ್ಲಿ ತೀರ್ಪಾಯಿತು, ಅದೂ ನಿಲ್ಲದೆ ಮತ್ತೆ ಮಾತುಕತೆಗಳಾಗಿ 1924ರಲ್ಲಿ ಒಪ್ಪಂದವಾಯಿತು. ಸಿಮೆಂಟಿಲ್ಲದೆ ಸುರ್ಕಿಯ ಗಾರೆಯಿಂದಲೇ ಕಲ್ಲನ್ನು ಕಲ್ಲಿಗೆ ಸೇರಿಸುತ್ತ, ಮುಗಿಯುವ ಹೊತ್ತಿಗೆ ಸುಮಾರು ಇಪ್ಪತ್ತು ವರ್ಷಗಳು ಹಿಡಿದುವು. ಉದ್ದ ಸುಮಾರು 8600 ಅಡಿ.

ಈ ಸಂದರ್ಭದಲ್ಲಿ ನ್ಯಾಯವಾಗಿ ಹೇಳಬೇಕಾದ ಮಾತೊಂದುಂಟು. ಬೇಡವೆಂದವರೆಲ್ಲರೂ ನಿಷೇಧವ್ರತಿಗಳಾಗಿರಲಿಲ್ಲ. ಮದರಾಸಿನವರಿಗೆ ತಂಜಾವೂರಿನ ಗದ್ದೆಗಳ ಚಿಂತೆಯಿತ್ತು. ಅವರು ಅಂಕಿಗಳನ್ನು ಮುಂದಿಟ್ಟು ವಾದಿಸಿದರು. ಆ ವಾದದಿಂದಲೇ ಎಷ್ಟು ನೀರನ್ನು ಯಾವಾಗ ಬಿಡಬೇಕೆಂಬ ನಿಯಮಗಳು ಹುಟ್ಟಿದುವು. ಮುಳುಗಡೆಯಾಗುವ ಹಳೆಯ ಕನ್ನಂಬಾಡಿ ಮೊದಲಾದ ಗ್ರಾಮಗಳವರು ಮನೆಮಠಗಳನ್ನೂ ದೇವಾಲಯಗಳನ್ನೂ ಬಿಟ್ಟು ಹೊರಟಾಗ ಅತ್ತುದನ್ನು ನಿಷೇಧವೆಂದು ಕರೆಯುವವನು ಮನುಷ್ಯನಲ್ಲ. ಕಳೆದುಕೊಂಡವನ ಗೋಳು ಬೇರೆ, ಏನನ್ನೂ ಕಳೆದುಕೊಳ್ಳದೆ ಕಟ್ಟೆಯ ಮೇಲೆ ಕುಳಿತವನ ಗೊಣಗು ಬೇರೆ. ಮೊದಲನೆಯದಕ್ಕೆ ಉತ್ತರ ಕೊಡಬೇಕು, ಪರಿಹಾರ ಕೊಡಬೇಕು. ಎರಡನೆಯದಕ್ಕೆ ಉತ್ತರವಿಲ್ಲ, ಅದು ಉತ್ತರವನ್ನು ಕೇಳುವುದೂ ಇಲ್ಲ. ನಿಷೇಧವ್ರತಿಯನ್ನು ಗುರುತಿಸಲು ಇದೇ ಸುಲಭವಾದ ಉಪಾಯ: ಅವನ ಆಕ್ಷೇಪಕ್ಕೆ ಸಮಾಧಾನವನ್ನು ಹೇಳಿದೊಡನೆಯೇ ಅವನ ಮುಖದಲ್ಲಿ ನಿರಾಶೆ ಮೂಡುತ್ತದೆ.

ಕಟ್ಟೆ ಮುಗಿಯಿತು, ಹುಲಿಕೆರೆಯ ಸುರಂಗವನ್ನು ಹಾಯ್ದು ನಾಲೆ ಹರಿಯಿತು. ಮೊದಲು ಇರ್ವಿನ್ ನಾಲೆಯೆಂದೂ ಆಮೇಲೆ ವಿಶ್ವೇಶ್ವರಯ್ಯ ನಾಲೆಯೆಂದೂ ಅದಕ್ಕೆ ಹೆಸರಾಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಂಪನಿ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯವು ಬೇರೊಂದು ಜಿಲ್ಲೆಯೇ ಆಯಿತು. ವ್ರತಿಗೆ ಇದರಿಂದ ಮುಖಭಂಗವಾಯಿತೆಂದು ಯಾರೂ ತಿಳಿಯಬಾರದು. ಕಬ್ಬು ಬಂದರೆ ‘ರಾಗಿ ಹೋಯಿತು’ ಎನ್ನಲು ಅವನಿಗೆ ಸಾಧ್ಯ. ನೀರು ನಿಂತರೆ ‘ಸೊಳ್ಳೆ ಬಂತು’ ಎನ್ನಲು ಸಾಧ್ಯ. ಈ ಎರಡು ಮಾತುಗಳಲ್ಲಿಯೂ ನಿಜವಿಲ್ಲದಿಲ್ಲ. ನಾಲೆಯ ಸೀಮೆಗಳಲ್ಲಿ ಮಲೇರಿಯಾ ಜ್ವರವು ಜನರನ್ನು ಪೀಡಿಸಿತು. ಆದರೆ ಒಬ್ಬನು ‘ಸೊಳ್ಳೆ ಬಂತು’ ಎಂದು ಹೇಳಿ ನಿಂತ ನೀರಿಗೆ ಕಾಲುವೆ ತೋಡುತ್ತಾನೆ. ಇನ್ನೊಬ್ಬನು ‘ಸೊಳ್ಳೆ ಬಂತು’ ಎಂದು ಹೇಳಿ ಎಲೆಯಡಿಕೆಯನ್ನು ಉಗುಳುತ್ತಾನೆ.

ನಾಗಮಂಗಲದ ಮೇಲುನಾಡಿಗೆ ಕನ್ನಂಬಾಡಿಯ ನೀರು ಏರಲಿಲ್ಲವಾದುದರಿಂದ ಇಲ್ಲಿಯ ವ್ರತಿಗಳಿಗೆ, ‘ನಮಗೇನು ಬಂತು?’ ಎನ್ನಲು ಬಹುಕಾಲ ಅವಕಾಶವಿತ್ತು. ಗೊರೂರಿನ ಹೇಮಾವತಿಯ ಕಟ್ಟೆಯು 1979ರಲ್ಲಿ ಮುಗಿದು, ಅದರ ನಾಲೆಯ ಕವಲು ಈ ತಾಲ್ಲೂಕಿನ ಕಡೆಗೂ ಬಂದಿತು. ಆಗ ಅವರಿಗೆ ಸ್ವಲ್ಪ ಕಷ್ಟವಾಯಿತಾದರೂ, ನಾಲೆಯ ಕೊನೆಯ ಹೊಲಗಳಿಗೆ ನೀರು ಸಾಲದೆ ಬರುವುದೆಂಬ ಸಂಗತಿಯು ಅವರ ಕೈಹಿಡಿದು ಕಾಪಾಡಿತು.

ಅಕ್ಷರದ ಕಾರ್ಯಗಳಲ್ಲಿಯೂ ವ್ರತಕ್ಕೆ ಎಡೆಯುಂಟು. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ಅಲೆದು, ಮನೆಗಳ ಜಂತಿಗಳಲ್ಲಿ ಹೊಗೆ ಹಿಡಿಯುತ್ತಿದ್ದ ತಾಳೆಯೋಲೆಗಳನ್ನು ಬೇಡಿ ತಂದು, ಶರಣರ ವಚನಗಳನ್ನು ಬಿಡಿಸಿ ಓದಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಅಚ್ಚಾಯಿತು. ಪರರ ಅಚ್ಚುಕೂಟಗಳನ್ನು ನಂಬಿ ಕೂರಲಾಗದೆ 1925ರಲ್ಲಿ ಹಿತಚಿಂತಕವೆಂಬ ಮುದ್ರಣಾಲಯವನ್ನು ತಾವೇ ತೆರೆದರು. ಮರುವರ್ಷ ಶಿವಾನುಭವವೆಂಬ ಪತ್ರಿಕೆಯನ್ನು ಹೊರಡಿಸಿದರು. ಕೈಯ ಹಣವೆಲ್ಲ ಅದಕ್ಕೇ ಹೋಯಿತು. ಅವರ ಮನೆಯ ಜಗಲಿಯ ಮೇಲೆ ಒಬ್ಬ ನಿಷೇಧವ್ರತಿಯು ಕುಳಿತಿದ್ದನೆಂದು ಭಾವಿಸಿದರೆ ಅವನು ಏನೆನ್ನುತ್ತಿದ್ದನೆಂಬುದನ್ನು ಊಹಿಸುವುದು ಕಷ್ಟವಲ್ಲ: ಹುಳು ತಿಂದ ಓಲೆಯನ್ನು ಯಾರು ಓದುವರು, ವಕೀಲಿಯನ್ನು ಬಿಟ್ಟು ಇದೇನು ಹುಚ್ಚು. ಆ ಮಾತಿಗೆ ಅವರು ಕಿವಿಗೊಟ್ಟಿದ್ದರೆ ಇಂದು ಮಠದ ಮಕ್ಕಳು ಪ್ರಾತಃಕಾಲದಲ್ಲಿ ಪಠಿಸುತ್ತಿರುವುದರಲ್ಲಿ ಎಷ್ಟು ಭಾಗ ಜಂತಿಯಲ್ಲಿಯೇ ಮಣ್ಣಾಗುತ್ತಿತ್ತೋ!

ಇಲ್ಲಿ ಜಾಣನಾದ ವ್ರತಿಯೊಬ್ಬನು ಎದ್ದು ಪೂರ್ವಪಕ್ಷವನ್ನು ಮಾಡಬಹುದು. ‘ಸ್ವಾಮಿ, ಪಂಚಾಚಾರಗಳಲ್ಲಿ ಗಣಾಚಾರವೆಂಬುದೊಂದಿದೆ. ಅನ್ಯಾಯವನ್ನು ಕಂಡು ಸೈರಿಸಬಾರದೆಂದು ಅದರ ತಾತ್ಪರ್ಯ. ಅಂಬಿಗರ ಚೌಡಯ್ಯನವರು ಯಾರನ್ನು ಬಿಟ್ಟರು? ಅವರ ಬಾಯಿ ಕೆಂಡವಾಗಿರಲಿಲ್ಲವೇ? ಹಾಗಾದರೆ ತಪ್ಪನ್ನು ತಪ್ಪೆನ್ನುವುದೂ ಆಚಾರವೇ ಆಯಿತಲ್ಲ’ ಎಂದು. ಪೂರ್ವಪಕ್ಷವು ಬಲವಾದುದೇ. ಚೌಡಯ್ಯನವರ ಬಾಯಿ ಕೆಂಡವಾಗಿತ್ತೆಂಬುದು ನಿಜ. ಅವರ ಕೈಯಲ್ಲಿ ಹುಟ್ಟು ಇತ್ತೆಂಬುದೂ ನಿಜ. ಬೈದವರನ್ನೂ ಬೈಸಿಕೊಂಡವರನ್ನೂ ಹೊಳೆಯನ್ನು ದಾಟಿಸುವ ಕಾಯಕ ಅವರದಾಗಿತ್ತು. ಇದಲ್ಲದೆ ಗಣಾಚಾರವನ್ನು ಹಿಡಿದವನು ಅದೇ ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದು ಸೇರಿದೆಯೆಂಬುದನ್ನು ಮರೆತರೆ ನಡೆಯದು. ತಾನು ಎಲ್ಲರಿಗಿಂತ ಕಿರಿಯನೆಂದು ನಡೆದುಕೊಳ್ಳುವವನಿಗೆ ತಪ್ಪನ್ನು ತೋರಿಸುವ ಅಧಿಕಾರ ಬರುತ್ತದೆ. ಎಲ್ಲರಿಗಿಂತ ಹಿರಿಯನೆಂದು ಕಟ್ಟೆಯೇರಿ ಕುಳಿತವನಿಗೆ ಅದು ಬಾರದು.

ಆಯ್ದಕ್ಕಿಯ ಲಕ್ಕಮ್ಮನವರ ಪ್ರಸಂಗವನ್ನು ನೋಡತಕ್ಕುದು. ಪತಿಯಾದ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಅವರು ವಾಡಿಕೆಗಿಂತ ಹೆಚ್ಚಾಗಿ ಆಯ್ದು ತಂದರು. ಲಕ್ಕಮ್ಮನವರು ಗಂಡನೆಂದು ದಾಕ್ಷಿಣ್ಯಪಡಲಿಲ್ಲ. ಹೆಚ್ಚಿನ ಅಕ್ಕಿಯ ಆಸೆ ಏತಕ್ಕೆಂದು ನೇರವಾಗಿ ಕೇಳಿದರು. ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದರು. ಮಾರಯ್ಯನವರು ಸುರಿದು ಬಂದರು. ಅಲ್ಲಿಗೆ ಆ ಮಾತು ಮುಗಿಯಿತು. ಲಕ್ಕಮ್ಮನವರು ಮರುದಿನ ನೆರೆಮನೆಯಲ್ಲಿ ಕುಳಿತು, ‘ಇವರ ಬುದ್ಧಿಯೇ ಇಷ್ಟು’ ಎಂದು ಹೇಳಿದರೆಂದು ಯಾವ ಪುರಾಣದಲ್ಲಿಯೂ ಇಲ್ಲ. ತಪ್ಪಿದುದನ್ನು ತಪ್ಪಿದವನ ಮುಂದೆಯೇ ಹೇಳಿ, ಸರಿಪಡಿಸುವ ದಾರಿಯನ್ನು ಅದೇ ಉಸಿರಿನಲ್ಲಿ ತೋರಿಸಿ, ಅನಂತರ ಅವನೊಡನೆಯೇ ಉಳಿದ ಅಕ್ಕಿಯಿಂದ ದಾಸೋಹವನ್ನು ನಡೆಸುವುದು ನಿಷೇಧವ್ರತದಲ್ಲಿ ಘೋರವಾದ ಅಪಚಾರ. ವ್ರತಿಗಳು ಇದರಿಂದ ಜಾಗರೂಕರಾಗಿರತಕ್ಕದ್ದು.

ಮೊದಲು ಹೇಳದೆ ಉಳಿಸಿದ್ದ ಪ್ರಯೋಜನವನ್ನು ಈಗ ಹೇಳಬೇಕಾಗಿದೆ. ವ್ರತಗಳ ಕಡೆಯಲ್ಲಿ ಫಲಶ್ರುತಿಯಿರುವುದು ಸಂಪ್ರದಾಯ. ಈ ವ್ರತವನ್ನು ಹನ್ನೆರಡು ವರ್ಷಗಳ ಕಾಲ ನಿಷ್ಠೆಯಿಂದ ಆಚರಿಸಿದವನಿಗೆ ಮೊದಲನೆಯದಾಗಿ ಏಕಾಂತವು ಲಭಿಸುತ್ತದೆ. ಅವನು ಬರುತ್ತಿರುವುದನ್ನು ಕಂಡು ಕಟ್ಟೆಯ ಮೇಲಿನವರಿಗೆ ಹೊಲದ ಕೆಲಸ ನೆನಪಾಗುತ್ತದೆ. ನಗುತ್ತಿದ್ದವರು ಕೆಮ್ಮತೊಡಗುತ್ತಾರೆ. ಊರಿನಲ್ಲಿ ಯಾವ ಕಾರ್ಯಕ್ಕೂ ಅವನ ಸಲಹೆಯನ್ನು ಕೇಳುವ ತೊಂದರೆಯನ್ನು ಯಾರೂ ಅವನಿಗೆ ಕೊಡುವುದಿಲ್ಲ. ಅವನು ನಿಜವಾಗಿ ಬಲ್ಲ ವಿಷಯವೊಂದಿದ್ದರೂ, ಉದಾಹರಣೆಗೆ ತೂಬಿನ ಕಲ್ಲು ಎಲ್ಲಿ ಸಡಿಲಿದೆಯೆಂಬುದು ಅವನೊಬ್ಬನಿಗೇ ತಿಳಿದಿದ್ದರೂ, ಆ ಮಾತನ್ನೂ ಮಿಕ್ಕ ಮಾತುಗಳೊಡನೆ ಸೇರಿಸಿ ಗಾಳಿಗೆ ಬಿಡುತ್ತಾರೆ.

ಮನೆಯಲ್ಲಿಯೂ ಶಾಂತಿ ನೆಲಸುತ್ತದೆ. ಮಗನು ಕಾಯಿಗೆ ಯಾವ ಧಾರಣೆ ಸಿಕ್ಕಿತೆಂದು ಹೇಳುವುದಿಲ್ಲ. ಸೊಸೆಯು ತವರಿನಿಂದ ಬಂದ ಕಾಗದವನ್ನು ಅಡಿಗೆಯ ಮನೆಯಲ್ಲಿಯೇ ಓದಿ ಮಡಿಸಿಡುತ್ತಾಳೆ. ಎಂಬತ್ತರ ಹಲಗೆಯನ್ನು ಒರಸಿಕೊಂಡಿದ್ದ ಹುಡುಗನು ಬೆಳೆದು, ಮೈಸೂರಿನಲ್ಲಿ ಓದಿ, ದೊಡ್ಡ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾಗುತ್ತಾನೆ. ಮನೆಯವರು ಮೆಲ್ಲಗೆ ಮಾತನಾಡಿಕೊಳ್ಳುತ್ತಾರೆ. ತಾಯಿಯು ಗುರುಗಳ ಗದ್ದುಗೆಗೆ ಹೋಗಿ ಕಾಯಿ ಒಡೆಸಿಕೊಂಡು ಬರುತ್ತಾಳೆ. ಮೂರು ದಿನಗಳಾದ ಮೇಲೆ ನಾಗಮಂಗಲದ ಸಂತೆಯಲ್ಲಿ ಪರಊರಿನವನೊಬ್ಬನು ವ್ರತಿಯನ್ನು ನಿಲ್ಲಿಸಿ, ‘ಏನು ಯಜಮಾನರೆ, ಮೊಮ್ಮಗ ಪಾಸಾದನಂತೆ, ಬಹಳ ಸಂತೋಷ’ ಎನ್ನುತ್ತಾನೆ. ವ್ರತಿಯು ಸ್ವಲ್ಪ ಹೊತ್ತು ಕೈಚೀಲವನ್ನು ಹಿಡಿದುಕೊಂಡು ನಿಂತಲ್ಲಿಯೇ ನಿಲ್ಲುತ್ತಾನೆ. ಆಮೇಲೆ ಸಂತೆಯನ್ನೂ ಮಾಡದೆ ಮನೆಗೆ ಹಿಂದಿರುಗಿ, ಜಗಲಿಯ ಮೇಲೆ ಕುಳಿತು, ಒ‌ಳಗಿರುವವರಿಗೆ ಕೇಳುವಂತೆ, ‘ಈ ಮನೆಯಲ್ಲಿ ನನಗೆ ಯಾರೂ ಏನನ್ನೂ ಹೇಳುವುದಿಲ್ಲ’ ಎನ್ನುತ್ತಾನೆ.